ಬೀಗ ಹಾಕಿದ ಮನೆಯ ರೋಗಿ: ತುಮಕೂರು ಜಿಲ್ಲೆಯ ಹಕ್ಕಿಪಿಕ್ಕಿ ಕುಟುಂಬವೊಂದರ ಕ್ಷಯ ಚಿಕಿತ್ಸೆ

ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ತಾಲ್ಲೂಕಿನ ಪ್ರಕರಣವಿದು. ತಾಲ್ಲೂಕು, ಕಾಲೋನಿ, ಆಸ್ಪತ್ರೆ ಯಾವುದರ ಹೆಸರನ್ನೂ ಕೊಟ್ಟಿಲ್ಲ. ವಯಸ್ಸು, ಮನೆಗಳ ಸಂಖ್ಯೆ, ಪ್ರಯಾಣದ ವಿವರಗಳನ್ನು ಗುರುತು ಹತ್ತದಂತೆ ಬದಲಿಸಲಾಗಿದೆ. ಕ್ಷಯ ವಿಭಾಗದವರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಮಾತ್ರೆಯ ಲೆಕ್ಕದವರೆಗೂ ಬರೆದಿದೆ.

ಹಿನ್ನೆಲೆ

ಕಾಲೋನಿಯಲ್ಲಿ ಹಕ್ಕಿಪಿಕ್ಕಿ ಬುಡಕಟ್ಟಿನವರ 46 ಮನೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 11 ಕಿ.ಮೀ. ದೂರ, ಬಸ್ಸು ದಿನಕ್ಕೆ ಎರಡು ಸಲ. ಮನೆಯೊಳಗೆ ಆಡುವ ಮಾತು ವಾಗ್ರಿ. ಆದರೆ ವ್ಯಾಪಾರಕ್ಕೆ ಊರೂರು ತಿರುಗುವ ಜನ, ಹಾಗಾಗಿ ಕನ್ನಡ, ತೆಲುಗು, ಹಿಂದಿ ಮೂರೂ ನೀರು ಕುಡಿದಷ್ಟು ಸಲೀಸು. ಬುಡಕಟ್ಟು ಆರೋಗ್ಯದ ಮಾತು ಬಂದಾಗಲೆಲ್ಲ 'ಭಾಷೆಯ ತೊಡಕು' ಎಂದು ಬರೆಯುವುದು ರೂಢಿಯಾಗಿದೆ. ಇಲ್ಲಿ ಆ ತೊಡಕು ಇರಲೇ ಇಲ್ಲ.

ಹೆಸರೇ ಹೇಳುವಂತೆ ಇವರದು ಹಿಂದೆ ಹಕ್ಕಿ ಹಿಡಿಯುವ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಈಗ ಬಹುಪಾಲು ಮನೆಗಳು ತಲೆಗೂದಲ ಎಣ್ಣೆ, ಮಣಿಸರ, ಪಿನ್ನು, ಪ್ಲಾಸ್ಟಿಕ್ ಹೂವು ಮಾರಿ ಬದುಕುತ್ತವೆ. ವ್ಯಾಪಾರಕ್ಕೊಂದು ಪಂಚಾಂಗವಿದೆ. ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ, ಆಮೇಲೆ ಹೈದರಾಬಾದಿನ ಕಡೆ. ಯುಗಾದಿಗೆ ಒಮ್ಮೆ ಮನೆ. ಮತ್ತೆ ಬೇಸಿಗೆ ತಿರುಗಾಟ. ಮಳೆ ಹಿಡಿದು ಆಷಾಢ ಬಂದಾಗ ಊರಿನಲ್ಲೇ, ದಸರಾಕ್ಕೆ ಮೈಸೂರು. ವರ್ಷದಲ್ಲಿ ಹೆಚ್ಚೆಂದರೆ ಐದು ತಿಂಗಳು ಕಾಲೋನಿ ತುಂಬಿರುತ್ತದೆ.

ಇನ್ನು ಸರ್ಕಾರದ ಲೆಕ್ಕದಲ್ಲಿ ಈ ಕಾಲೋನಿ ಎಲ್ಲಿದೆ ಎಂಬುದು. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 42.5 ಲಕ್ಷ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜನ ನಾಯಕ ಸಮುದಾಯದವರು. ತುಮಕೂರಿನ ಮಟ್ಟಿಗೂ ದೊಡ್ಡ ಪಂಗಡ ಅದೇ. 'ಜಿಲ್ಲೆಯ ಪರಿಶಿಷ್ಟ ಪಂಗಡದ ಆರೋಗ್ಯ ಸೂಚ್ಯಂಕ' ಎಂದು ಕೋಷ್ಟಕ ತೆಗೆದರೆ ಕಾಣುವುದು ಅವರ ಸರಾಸರಿ. ಹಕ್ಕಿಪಿಕ್ಕಿ, ಇರುಳಿಗರಂಥ ಸಣ್ಣ ಗುಂಪುಗಳು ಅದರೊಳಗೆ ಕರಗಿಹೋಗುತ್ತವೆ.

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ, ಅಂದರೆ ಬುಡಕಟ್ಟು ಪ್ರದೇಶವೆಂದು ಅಧಿಸೂಚಿಸಿದ ನೆಲವೇ, ಇಲ್ಲ. ಬುಡಕಟ್ಟು ಅಭಿವೃದ್ಧಿ ಯೋಜನೆಗಳು ಬೇರು ಬಿಟ್ಟಿರುವುದು ಮೈಸೂರು, ಕೊಡಗು, ಚಾಮರಾಜನಗರದಂಥ ಕಾಡಿನ ಜಿಲ್ಲೆಗಳಲ್ಲಿ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ ಉಪಕೇಂದ್ರ 3,000 ಜನಕ್ಕೊಂದು, ಬಯಲಿಗೆ 5,000ಕ್ಕೊಂದು. ಪ್ರಾಥಮಿಕ ಆರೋಗ್ಯ ಕೇಂದ್ರ ಅಲ್ಲಿ 20,000ಕ್ಕೆ, ಬಯಲಿನಲ್ಲಿ 30,000ಕ್ಕೆ. ಆಶಾ ಬಯಲಿನಲ್ಲಿ 1,000 ಜನಕ್ಕೊಬ್ಬರು, ಬುಡಕಟ್ಟು ಪ್ರದೇಶದಲ್ಲಿ ಹಾಡಿಗೊಬ್ಬರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಇಲ್ಲಿ ಜನ ಬುಡಕಟ್ಟಿನವರು, ನೆಲ ಮಾತ್ರ ಬಯಲು. ರಿಯಾಯಿತಿ ಇರುವುದು ನೆಲಕ್ಕೆ. ದೇಶದ ಬುಡಕಟ್ಟು ಆರೋಗ್ಯದ ಬಗ್ಗೆ 2018ರಲ್ಲಿ ವರದಿ ಕೊಟ್ಟ ತಜ್ಞರ ಸಮಿತಿಯೂ, ಅರ್ಧಕ್ಕೂ ಹೆಚ್ಚು ಬುಡಕಟ್ಟು ಜನ ಬುಡಕಟ್ಟು ಬಾಹುಳ್ಯದ ತಾಲ್ಲೂಕುಗಳ ಹೊರಗೇ ಇದ್ದಾರೆ ಎಂದಿತ್ತು. ಈ 46 ಮನೆಗೆ ಆಶಾ ಬರುವುದು ಎರಡೂವರೆ ಕಿ.ಮೀ. ಆಚೆಯ ಮುಖ್ಯ ಊರಿನಿಂದ, ಅಲ್ಲಿನ ಕೆಲಸ ಮುಗಿದ ಮೇಲೆ.

ಸಮಸ್ಯೆ

ರೋಗಿ 36 ವರ್ಷದ ಗಂಡಸು. ಮನೆಯಲ್ಲಿ ಹೆಂಡತಿ, 60ರ ಆಸುಪಾಸಿನ ತಾಯಿ, ಮೂವರು ಮಕ್ಕಳು: 9 ವರ್ಷದ ಹುಡುಗ, 4 ವರ್ಷದ ಹುಡುಗಿ, 14 ತಿಂಗಳ ಕೂಸು. ದಸರಾ ಹೊತ್ತಿಗೆ ಕೆಮ್ಮು ಶುರು. ಮೆಡಿಕಲ್ ಸ್ಟೋರಿನಿಂದ ಎರಡು ಬಾಟಲಿ ಸಿರಪ್ಪು. ಜಾತ್ರೆಯೊಂದರ ಪಕ್ಕದ ಖಾಸಗಿ ಕ್ಲಿನಿಕ್ಕಿನಲ್ಲಿ ಐದು ದಿನದ ಲಿವೊಫ್ಲಾಕ್ಸಾಸಿನ್. ಇದು ಕ್ಷಯದ ರೋಗಾಣುವನ್ನೂ ಸ್ವಲ್ಪ ದಿನ ಹತ್ತಿಕ್ಕುವ ಔಷಧ. ಕೆಮ್ಮು ತಗ್ಗಿದಂತೆ ಮಾಡಿ ರೋಗ ಪತ್ತೆಯನ್ನು ಮುಂದೂಡುತ್ತದೆ, ಇಲ್ಲೂ ಅದೇ ಆಯಿತು. ಹತ್ತಿರದ ಸರ್ಕಾರಿ ಆಸ್ಪತ್ರೆಗೂ ಒಮ್ಮೆ ಹೋದದ್ದುಂಟು, ಅಲ್ಲಿ ಸಿಕ್ಕಿದ್ದೂ ಸಿರಪ್ಪು. ಕಫ ಪರೀಕ್ಷೆಗೆ ಯಾರೂ ಬರೆಯಲಿಲ್ಲ.

ಇದೇ ಜಿಲ್ಲೆಯಲ್ಲಿ ಈ ಪಾಠ ಮೊದಲೇ ಕಲಿತಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಮೊದಮೊದಲ ದೊಡ್ಡ ಸಮೀಕ್ಷೆ ನಡೆದದ್ದು 1960-61ರಲ್ಲಿ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳನ್ನು ಸಂಸ್ಥೆಯವರು ಆಮೇಲೆ ಮಾತನಾಡಿಸಿದಾಗ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದವರು ಎಂದು ತಿಳಿಯಿತು. ರೋಗಿ ಬರುವುದಿಲ್ಲ ಎನ್ನುವುದು ಸುಳ್ಳು, ಬಂದವನನ್ನು ನಾವು ಗುರುತಿಸುತ್ತಿಲ್ಲ ಎನ್ನುವುದು ಆಗಿನಿಂದಲೂ ಗೊತ್ತು. ಅರವತ್ತು ವರ್ಷ ದಾಟಿದರೂ ಸಿರಪ್ಪಿನ ಬಾಟಲಿಯ ಬಣ್ಣವಷ್ಟೇ ಬದಲಾಗಿದೆ.

ಜನವರಿ ಮೊದಲ ವಾರ ಆಶಾ ಮನೆ ಭೇಟಿಗೆ ಬಂದಾಗ 'ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಯಾರಿಗಾದರೂ ಇದೆಯಾ' ಎಂದು ಕೇಳಿದ್ದರಿಂದ ಪ್ರಕರಣ ಹೊರಬಿತ್ತು. ಮೊದಲು ಕೊಟ್ಟ ಕಫದ ಡಬ್ಬಿಯಲ್ಲಿ ಇದ್ದದ್ದು ಬರೀ ಎಂಜಲು, ಪ್ರಯೋಗಾಲಯ ವಾಪಸು ಕಳಿಸಿತು. ಡಬ್ಬಿ ಕೈಗಿಟ್ಟು 'ಉಗುಳಿ ಕೊಡಿ' ಎಂದರೆ ಸಿಗುವುದು ಎಂಜಲೇ. ಬೆಳಗ್ಗೆ ಎದ್ದ ಕೂಡಲೇ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವ ಕಡೆ ನಿಂತು, ಮೂರು ಸಲ ಆಳವಾಗಿ ಉಸಿರೆಳೆದು ಬಿಟ್ಟು, ಎದೆಯ ಆಳದಿಂದ ಕೆಮ್ಮಿ ತೆಗೆಯಬೇಕು. 2ರಿಂದ 5 ಮಿ.ಲೀ. ಸಾಕು, ಆದರೆ ಗಟ್ಟಿಯಾಗಿರಬೇಕು. ಎರಡನೇ ದಿನ ಆಶಾ ತಾವೇ ಮಾಡಿ ತೋರಿಸಿದರು. ಆ ಮಾದರಿ ತಾಲ್ಲೂಕು ಆಸ್ಪತ್ರೆಯ ಟ್ರೂನ್ಯಾಟ್ ಯಂತ್ರದಲ್ಲಿ (ಕಫದಲ್ಲಿ ಕ್ಷಯ ರೋಗಾಣುವಿನ ವಂಶವಾಹಿಯನ್ನು ಪತ್ತೆ ಹಚ್ಚುವ ಯಂತ್ರ) ಪಾಸಿಟಿವ್ ಬಂತು. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧ ಇರಲಿಲ್ಲ. ಎಚ್‌ಐವಿ ನೆಗೆಟಿವ್, ಸಕ್ಕರೆ ಸರಿ. ಎತ್ತರ 162 ಸೆಂ.ಮೀ., ತೂಕ 41 ಕೆ.ಜಿ. ದೇಹ ತೂಕದ ಸೂಚ್ಯಂಕ 15.6, ಅಂದರೆ ತೀವ್ರ ಕೃಶತೆ.

ಮೊದಲ ಯತ್ನ, ಮತ್ತು ಅದು ಮುರಿದ ಬಗೆ

35ರಿಂದ 49 ಕೆ.ಜಿ. ತೂಕದವರಿಗೆ ದಿನಕ್ಕೆ 3 ಸಂಯುಕ್ತ ಮಾತ್ರೆ. ಒಂದೊಂದರಲ್ಲೂ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275 ಮಿ.ಗ್ರಾಂ. ಹೀಗೆ 56 ದಿನ. ಆಮೇಲೆ ಪೈರಾಜಿನಮೈಡ್ ಇಲ್ಲದ ಮೂರು ಔಷಧದ ಮಾತ್ರೆ 112 ದಿನ. ಒಟ್ಟು 168 ದಿನ.

ಇಲ್ಲಿ ಒಂದು ನಿರ್ಧಾರವಾಯಿತು. ಅದು ಯಾವ ಕಡತದಲ್ಲೂ ಇಲ್ಲ, ಬಾಯಿಮಾತಿನದು. 'ಇವರು ತಿರುಗೋ ಜನ, ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಕಳೆದುಕೊಳ್ಳುತ್ತಾರೆ' ಎಂದು ಏಳು ದಿನಕ್ಕೆ 21 ಮಾತ್ರೆಯಂತೆ ಕೊಡುವುದು, ಪ್ರತಿ ಸೋಮವಾರ ಆಶಾ ಬಂದು ಖಾಲಿ ಶೀಟು ನೋಡಿ ಮುಂದಿನದನ್ನು ಕೊಡುವುದು. ಕ್ಷಯ ಕಾರ್ಯಕ್ರಮದಲ್ಲಿ ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ರೂಢಿ ಇದೆ, ಮುಖ್ಯ ಊರಿನ ಇತರ ರೋಗಿಗಳಿಗೆ ಹಾಗೆಯೇ ಕೊಡುತ್ತಿದ್ದರು. ಕಾಲೋನಿಗೆ ಮಾತ್ರ ಬೇರೆ ನಿಯಮ. ನಂಬಿಕೆ ಇಲ್ಲದ ಕಡೆ ಕಾವಲು ಹೆಚ್ಚುವುದು ಸಹಜ. ಆದರೆ ಏಳು ದಿನದ ಹಗ್ಗ ಕಟ್ಟಿದ್ದು ಏಳು ತಿಂಗಳು ಹೊರಗಿರುವ ಮನುಷ್ಯನಿಗೆ.

19ನೇ ದಿನ ಕುಟುಂಬ ಹೊರಟಿತು. ಕೈಯಲ್ಲಿ ಉಳಿದಿದ್ದದ್ದು 6 ಮಾತ್ರೆ, ಎರಡು ದಿನದ ಪಾಲು. ಆಶಾ ಸೋಮವಾರ ಬಂದಾಗ ಬಾಗಿಲಿಗೆ ಬೀಗ. ಕೊಟ್ಟಿದ್ದ ಫೋನ್ ನಂಬರು ಭಾಮೈದನದು, ಸ್ವಿಚ್ ಆಫ್. ಒಂದು ತಿಂಗಳು ಸತತವಾಗಿ ಚಿಕಿತ್ಸೆ ನಿಂತರೆ 'ಚಿಕಿತ್ಸೆಯಿಂದ ಕೈತಪ್ಪಿದವರು' ಎಂದು ಬರೆಯಬೇಕು. ಹಾಗೆಯೇ ಬರೆದು ಕಡತ ಮುಚ್ಚಿದರು.

ಆತ ಮಾತ್ರೆ ಹುಡುಕಿಕೊಂಡು ಏಕೆ ಹೋಗಲಿಲ್ಲ ಎಂಬುದಕ್ಕೆ ಕಾರಣ ಒಂದಲ್ಲ. ಮೂರನೇ ವಾರಕ್ಕೆ ಜ್ವರ ಬಿಟ್ಟು ಹಸಿವು ಶುರುವಾಗಿತ್ತು, ವಾಸಿಯಾಯಿತು ಅಂದುಕೊಂಡ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಒಳಗೇನೋ ಕೆಟ್ಟಿದೆ ಎಂದು ಹೆದರಿದ್ದ. ರಿಫಾಂಪಿಸಿನ್‌ಗೆ ಅದು ಮಾಮೂಲು, ಮೊದಲ ದಿನವೇ ಹೇಳಿದರೆ ಮುಗಿಯುವ ಮಾತು, ಯಾರೂ ಹೇಳಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ನುಂಗಿ ಗಾಡಿ ಹತ್ತಿದರೆ ವಾಂತಿ. ಜೊತೆಗೆ, ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಇದೇ ಮಾತ್ರೆ ಪುಕ್ಕಟೆ ಸಿಗುತ್ತದೆ ಎಂಬುದೇ ಆತನಿಗೆ ಗೊತ್ತಿರಲಿಲ್ಲ.

11 ವಾರ ಕಳೆದು, ಯುಗಾದಿ ಮುಗಿದ ಮೇಲೆ ವಾಪಸು ಬಂದಾಗ ಕಫದಲ್ಲಿ ರಕ್ತದ ಎಳೆ. ತೂಕ 38. ತಾಯಿಗೂ ಕೆಮ್ಮು.

ತಿರುವು

ಮತ್ತೆ ಚಿಕಿತ್ಸೆ ಶುರು ಮಾಡುವ ಮುಂಚೆ ಮತ್ತೊಮ್ಮೆ ಟ್ರೂನ್ಯಾಟ್. ಮಧ್ಯೆ ಬಿಟ್ಟವರಲ್ಲಿ ಔಷಧ ಪ್ರತಿರೋಧದ ಅನುಮಾನ ಇಟ್ಟುಕೊಂಡೇ ನೋಡಬೇಕು. ರಿಫಾಂಪಿಸಿನ್ ಈಗಲೂ ಕೆಲಸ ಮಾಡುತ್ತಿತ್ತು. ಐಸೋನಿಯಾಜಿಡ್ ಪರೀಕ್ಷೆಗೆ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು, ಅದೂ ಸರಿ ಬಂತು. ತಾಯಿಯ ಕಫವೂ ಪಾಸಿಟಿವ್, ಆಕೆಯ ತೂಕ 33 ಕೆ.ಜಿ. ಜನವರಿಯಲ್ಲಿ ಮನೆಯವರನ್ನೆಲ್ಲ ತಪಾಸಣೆ ಮಾಡಬೇಕಿತ್ತು. ಕಾರ್ಡಿನಲ್ಲಿ ಆ ಸಾಲು ಖಾಲಿ ಇತ್ತು. ಕ್ಷಯ ರೋಗಿಗಳ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ರೋಗಿ ವಲಸೆ ಹೋಗುವವರೇ, ಬುಡಕಟ್ಟಿನವರೇ ಎಂದು ಗುರುತಿಸುವ ಅಂಕಣವೂ ಖಾಲಿ.

ಸಮುದಾಯ ಆರೋಗ್ಯ ಅಧಿಕಾರಿ, ಹಿರಿಯ ಚಿಕಿತ್ಸಾ ಮೇಲ್ವಿಚಾರಕರು, ಆಶಾ ಮೂವರೂ ಕಾಲೋನಿಗೆ ಹೋದದ್ದು ಸಂಜೆ ಏಳಕ್ಕೆ. ಹಗಲು ಹೋದರೆ ಯಾರೂ ಸಿಗುವುದಿಲ್ಲ. ಮೇಲ್ವಿಚಾರಕರು ಮೊದಲು ಹೇಳಿದ್ದು ಎಲ್ಲರೂ ಹೇಳುವ ಮಾತೇ: ಆರು ತಿಂಗಳು ಎಲ್ಲೂ ಹೋಗಬೇಡಿ. ಕಾಲೋನಿಯ ಯಜಮಾನರು ಸುಮ್ಮನೆ ಕೇಳಿಸಿಕೊಂಡರು. ಉತ್ತರ ಕೊಟ್ಟವಳು ರೋಗಿಯ ಹೆಂಡತಿ.

"ಅಕ್ಕಾ, ಏಳು ದಿನದ ಗುಳಿಗೆ ಕೊಟ್ರೆ ಏಳೇ ದಿನ ದೂರ ಹೋಗೋಕಾಗೋದು. ಕೂತ್ಕೊಂಡ್ರೆ ಕೂಸಿಗೆ ಏನು ಹಾಕ್ಲಿ?"

ಆಶಾ ಮೇಲ್ವಿಚಾರಕರ ಮುಖ ನೋಡಿದರು. ಆರೋಗ್ಯ ಅಧಿಕಾರಿ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ಮುಂದಿನ ಆರು ತಿಂಗಳು ಯಾವ ಯಾವ ತಿಂಗಳು ಎಲ್ಲೆಲ್ಲಿ ಇರುತ್ತೀರಿ ಹೇಳಿ ಎಂದು ಕೇಳಿದರು. ಆ ಸಂಜೆಯ ಮಾತುಕತೆ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಹತ್ತು ನಿಮಿಷದಲ್ಲಿ ಹಾಳೆ ತುಂಬಿತು. ಮೇ ಮಧ್ಯದವರೆಗೆ ಊರು, ಜೂನ್ ಕೊನೆಯವರೆಗೆ ಹೈದರಾಬಾದು, ಆಷಾಢ ಶ್ರಾವಣ ಊರು, ಗಣೇಶ ಹಬ್ಬದ ನಂತರ ಮೈಸೂರು. ತಂಗುವ ಬಡಾವಣೆ, ಅಲ್ಲಿ ಜೊತೆಗಿರುವವರ ಫೋನ್ ನಂಬರು ಎರಡೆರಡು. ತಂಡದವರು ಇದನ್ನು 'ದಾರಿ ಪಟ್ಟಿ' ಎಂದು ಕರೆದರು. ಆ ಹೊತ್ತಿನವರೆಗೆ 'ಅಲೆಮಾರಿ, ಗೊತ್ತುಗುರಿ ಇಲ್ಲ' ಎಂದು ಬರೆಸಿಕೊಂಡಿದ್ದ ಕುಟುಂಬದ ವೇಳಾಪಟ್ಟಿ ಆಸ್ಪತ್ರೆಯ ಔಷಧ ಸರಬರಾಜಿಗಿಂತ ಖಚಿತವಾಗಿತ್ತು.

ಎರಡನೇ ಯತ್ನ

ಮೊದಲ 21 ದಿನ ಆತ ಊರಿನಲ್ಲೇ ಇರಬೇಕು ಎಂಬುದಕ್ಕೆ ಮಾತ್ರ ತಂಡ ಪಟ್ಟು ಹಿಡಿಯಿತು. ಸರಿಯಾದ ಔಷಧ ಬಿದ್ದ ಎರಡು ಮೂರು ವಾರದಲ್ಲಿ ರೋಗ ಹರಡುವ ಶಕ್ತಿ ಬಹಳಷ್ಟು ಇಳಿಯುತ್ತದೆ. ಆ ಅವಧಿಯಲ್ಲಿ ಹೆಂಡತಿ ಮತ್ತು ಭಾಮೈದ ಹತ್ತಿರದ ಸಂತೆಗಳನ್ನು ನೋಡಿಕೊಂಡರು. ಆತ ಮನೆ ಮುಂದಿನ ಚಪ್ಪರದಲ್ಲಿ ಮಲಗಿದ, ಮಕ್ಕಳು ಚಿಕ್ಕಮ್ಮನ ಮನೆಯಲ್ಲಿ. 'ಆರು ತಿಂಗಳು' ಎಂದರೆ ಯಾರೂ ಒಪ್ಪುವುದಿಲ್ಲ, 'ಮೂರು ವಾರ, ಯಾಕೆಂದರೆ ಕೂಸಿಗೆ ಅಂಟುತ್ತದೆ' ಎಂದರೆ ಒಪ್ಪುತ್ತಾರೆ.

ಮಾತ್ರೆಯ ಹೊತ್ತನ್ನು ರಾತ್ರಿ ಒಂಬತ್ತಕ್ಕೆ ಬದಲಿಸಿದರು. ಖಾಲಿ ಹೊಟ್ಟೆಯೇ ಒಳ್ಳೆಯದು ಎಂಬುದು ನಿಜ, ಆದರೆ ವಾಂತಿಯಾದ ಮಾತ್ರೆಗಿಂತ ಸ್ವಲ್ಪ ತಿಂದು ನುಂಗಿದ ಮಾತ್ರೆ ಮೇಲು ಎಂದು ವೈದ್ಯರು ಒಪ್ಪಿದರು. ಒಂಬತ್ತೇ ಏಕೆಂದರೆ ಆ ಹೊತ್ತಿಗೆ ಹೆಂಡತಿ ದಿನದ ಲೆಕ್ಕ ಬರೆಯಲು ಕೂರುತ್ತಾಳೆ. ನೂರು ಪುಟದ ರೂಲ್ಡ್ ಪುಸ್ತಕ. ಎಡಕ್ಕೆ ತಾರೀಖು, ಮಧ್ಯೆ ಎಷ್ಟು ಬಾಟಲಿ ಹೋಯಿತು, ಬಲಕ್ಕೆ ಬಂದ ದುಡ್ಡು. ಅದರ ಪಕ್ಕ ಇನ್ನೊಂದು ಗೆರೆ ಎಳೆದು ಮೂರು ಮಾತ್ರೆಗೆ ಮೂರು ಚುಕ್ಕೆ. ಕಾರ್ಯಕ್ರಮ ಕೊಡುವ ಚಿಕಿತ್ಸಾ ಕಾರ್ಡು ಮೊದಲ ಸಲ ಎಣ್ಣೆ ಮೆತ್ತಿ ಹರಿದುಹೋಗಿತ್ತು. ಲೆಕ್ಕದ ಪುಸ್ತಕ ಯಾವತ್ತೂ ಕಳೆದುಹೋಗುವುದಿಲ್ಲ.

ಹೈದರಾಬಾದಿಗೆ ಹೊರಡುವಾಗ 28 ದಿನದ 84 ಮಾತ್ರೆ, ಮೇಲೆ ಒಂದು ವಾರಕ್ಕೆ 21, ಒಟ್ಟು 105. ಶೀಟಿನಿಂದ ಮುಂಚೆಯೇ ಬಿಡಿಸಿ ಡಬ್ಬಿಗೆ ಹಾಕಬಾರದು, ತೇವಕ್ಕೆ ಹಾಳಾಗುತ್ತವೆ. ಗಾಡಿಯ ಡಿಕ್ಕಿಯಲ್ಲಿ ಇಡಬಾರದು, ಬೇಸಿಗೆಯಲ್ಲಿ ಅದು ಒಲೆಯಂತೆ ಕಾಯುತ್ತದೆ. ಬಟ್ಟೆ ಗಂಟಿನ ನಡುವೆ ಇಟ್ಟರು. 20 ರೂಪಾಯಿಗೆ ಲ್ಯಾಮಿನೇಟ್ ಮಾಡಿಸಿದ ಅಂಗೈ ಅಗಲದ ಚೀಟಿಯಲ್ಲಿ ನಿಕ್ಷಯ್ ಸಂಖ್ಯೆ, ಚಿಕಿತ್ಸೆ ಶುರುವಾದ ದಿನ, ತೂಕ, ದಿನಕ್ಕೆ ಎಷ್ಟು ಮಾತ್ರೆ, ಮೇಲ್ವಿಚಾರಕರ ಮೊಬೈಲು, ಕ್ಷಯ ಸಹಾಯವಾಣಿ 1800-11-6666. ಪ್ರತಿ ಭಾನುವಾರ ರಾತ್ರಿ ವಾಟ್ಸಾಪಿನಲ್ಲಿ ಪುಸ್ತಕದ ಆ ಪುಟದ ಫೋಟೊ.

ತಾಯಿಯ ಪಾಡು ಬೇರೆ. ಆಕೆ ತಿರುಗುವುದಿಲ್ಲ, ಆದರೆ 25ರಿಂದ 34 ಕೆ.ಜಿ.ಯವರಿಗೆ ದಿನಕ್ಕೆ 2 ಮಾತ್ರೆ. ಒಂದೇ ಮನೆಯಲ್ಲಿ ಒಂದೇ ಥರದ ಶೀಟು, ಒಬ್ಬರಿಗೆ ಎರಡು, ಒಬ್ಬರಿಗೆ ಮೂರು. ಮೊದಲ ವಾರವೇ ಆಕೆ ಮಗನ ಲೆಕ್ಕದಲ್ಲಿ ಎರಡು ದಿನ ಮೂರು ಮೂರು ನುಂಗಿದ್ದಳು. ಆಮೇಲೆ ಆಕೆಯ ಶೀಟಿಗೆ ಕೆಂಪು ರಬ್ಬರ್ ಬ್ಯಾಂಡು, ಮಗನದಕ್ಕೆ ಹಸಿರು. ಮೂರನೇ ತಿಂಗಳಿಗೆ ಆಕೆಯ ತೂಕ 38.5ಕ್ಕೆ ಏರಿತು. 5 ಕೆ.ಜಿ.ಗಿಂತ ಹೆಚ್ಚು ಏರಿ ಮುಂದಿನ ತೂಕದ ಗುಂಪಿಗೆ ದಾಟಿದರೆ ಮಾತ್ರೆಯೂ ಏರಬೇಕು, ಹಾಗಾಗಿ ಮೂರಾಯಿತು. ಪ್ರತಿ ತಿಂಗಳು ತೂಕ ನೋಡದ ಕಡೆ ಇದು ತಪ್ಪಿಹೋಗುತ್ತದೆ. ರೋಗಿ ಕಡಿಮೆ ಮಾತ್ರೆಯಲ್ಲೇ ಉಳಿದುಬಿಡುತ್ತಾನೆ.

ಹೆಂಡತಿ ಮಕ್ಕಳಿಗೆ ರೋಗ ಬರದಂತೆ ತಡೆ ಚಿಕಿತ್ಸೆ. ಮೊದಲು ಯಾರಿಗೂ ರೋಗ ಇಲ್ಲ ಎಂದು ಲಕ್ಷಣ ಕೇಳಿ, ಎಕ್ಸ್‌ರೇ ತೆಗೆದು ಖಚಿತ ಮಾಡಿಕೊಂಡರು. ಇದಕ್ಕೆ ಎರಡು ದಾರಿ ಇವೆ: ಆರು ತಿಂಗಳು ದಿನಾ ಐಸೋನಿಯಾಜಿಡ್, ಇಲ್ಲವೇ ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್ ವಾರಕ್ಕೊಮ್ಮೆ, 12 ವಾರ. ತಿರುಗುವ ಕುಟುಂಬಕ್ಕೆ 180 ಸಲ ನೆನಪಿಡುವುದಕ್ಕೂ 12 ಸಲ ನೆನಪಿಡುವುದಕ್ಕೂ ಅಜಗಜಾಂತರ. ಹೆಂಡತಿಗೆ ಮತ್ತು ಎರಡು ವರ್ಷ ದಾಟಿದ ಇಬ್ಬರು ಮಕ್ಕಳಿಗೆ ವಾರದ್ದೇ, ಪುಸ್ತಕದ ಫೋಟೊ ಕಳಿಸುವ ಭಾನುವಾರವೇ. ರಿಫಾಪೆಂಟಿನ್ ಗರ್ಭನಿರೋಧಕ ಗುಳಿಗೆಯ ಬಲ ತಗ್ಗಿಸುತ್ತದೆ, ಕೇಳದೆ ಕೊಡಬಾರದು. ಈಕೆಗೆ ಆಪರೇಷನ್ ಆಗಿತ್ತು. ಎರಡು ವರ್ಷದೊಳಗಿನ ಕೂಸಿಗೆ ದಿನದ ಐಸೋನಿಯಾಜಿಡ್ ಮಾತ್ರ. ಕೆ.ಜಿ.ಗೆ 10 ಮಿ.ಗ್ರಾಂ ಆಸುಪಾಸು, 8 ಕೆ.ಜಿ. ಕೂಸಿಗೆ 100 ಮಿ.ಗ್ರಾಂನ ಒಂದು ಮಾತ್ರೆ ನೀರಿನಲ್ಲಿ ಕದಡಿ.

ಆದದ್ದು

ಹೈದರಾಬಾದಿನಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಆತ ಹತ್ತಿರದ ಸರ್ಕಾರಿ ಕೇಂದ್ರಕ್ಕೆ ಹೋದ. ಅಲ್ಲಿಯ ವಿಳಾಸದ ಆಧಾರ್ ಕೇಳಿ ವಾಪಸು ಕಳಿಸಿದರು. ಲ್ಯಾಮಿನೇಟ್ ಚೀಟಿ ತೋರಿಸಿದರೂ ಕೌಂಟರಿನಲ್ಲಿದ್ದವರು ಓದಲಿಲ್ಲ. ಅದು ಕನ್ನಡದಲ್ಲಿತ್ತು! ಇಂಗ್ಲಿಷಿನಲ್ಲೂ ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆತ ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನು ಮಾಡಿದ. ಅವರು ಆ ಕಡೆಯ ಕ್ಷಯ ಘಟಕದ ತಮ್ಮ ಸರಿಸಮಾನರನ್ನು ಹುಡುಕಿ ಮಾತನಾಡಿ, ಆಮೇಲೆ ನಿಕ್ಷಯ್‌ನಲ್ಲಿ ವರ್ಗಾವಣೆ ಹಾಕಿದರು. ಈ ಅನುಕ್ರಮ ಮುಖ್ಯ. ಫೋನು ಮಾಡದೆ ವರ್ಗಾವಣೆ ಗುಂಡಿ ಒತ್ತಿದರೆ ಆ ಕಡೆ ಯಾರೂ ಒಪ್ಪಿಕೊಳ್ಳದೆ ರೋಗಿ ಎರಡು ಪಟ್ಟಿಯ ನಡುವೆ ನೇತಾಡುತ್ತಾನೆ. ಮೂರನೇ ದಿನ ಮಾತ್ರೆ ಸಿಕ್ಕಿತು. ಹೆಚ್ಚುವರಿ 21 ಮಾತ್ರೆ ಇಲ್ಲದಿದ್ದರೆ ಜನವರಿಯ ಕಥೆಯೇ ಮತ್ತೆ.

ಇಲ್ಲಿ ತಂಡದ ಒಂದು ತಪ್ಪನ್ನೂ ಹೇಳಬೇಕು. 56 ದಿನ ಮುಗಿದು ಮೂರು ಔಷಧದ ಶೀಟಿಗೆ ಬದಲಾಗುವ ದಿನ ಆತ ಹೈದರಾಬಾದಿನಲ್ಲೇ ಇರುತ್ತಾನೆಂದು ದಾರಿ ಪಟ್ಟಿಯಲ್ಲೇ ಕಾಣುತ್ತಿತ್ತು. ಎರಡೂ ಥರದ ಶೀಟು ಕೊಟ್ಟರೆ ಗೊಂದಲವಾದೀತೆಂದು ಎರಡನೆಯದನ್ನು ಕೊಡಲಿಲ್ಲ. ಆ ಭಯ ಅತಿಯಾಯಿತು. ಆರು ಭಾಷೆಯ ಗಿರಾಕಿಗಳ ಹತ್ತಿರ ಹತ್ತು ಬಗೆಯ ಎಣ್ಣೆ ಮಾರುವ ಮನೆಗೆ ಎರಡು ಬಗೆಯ ಶೀಟು ಬೇರೆ ಬೇರೆ ಇಡಲು ಬಾರದೇ?

ಒಟ್ಟು 4 ದಿನ ತಪ್ಪಿತು: ಎರಡು ರೈಲಿನಲ್ಲಿ, ಎರಡು ನೆಂಟರ ಮದುವೆಯಲ್ಲಿ. ಪುಸ್ತಕದಲ್ಲಿ ಆ ನಾಲ್ಕು ಸಾಲು ಖಾಲಿ ಬಿಟ್ಟಿತ್ತು, ಆಮೇಲೆ ತುಂಬಿಸುವ ಯತ್ನ ಮಾಡಿರಲಿಲ್ಲ. ಕೊನೆಯಲ್ಲಿ 4 ದಿನ ಸೇರಿಸಿ 168 ಪೂರ್ತಿ ಮಾಡಿದರು. ಎರಡು ತಿಂಗಳ ಕಫ ಪರೀಕ್ಷೆಯ ವರದಿ ಹೈದರಾಬಾದಿನಿಂದ ಬರಲೇ ಇಲ್ಲ. ಜುಲೈ ಮೊದಲ ವಾರ ಊರಿನಲ್ಲೇ ಮತ್ತೆ ಮಾಡಿಸಿದರು, ನೆಗೆಟಿವ್. ತೂಕ ಆಗ 44, ಕೊನೆಗೆ 47.5. ಕೊನೆಯ ಕಫ ಪರೀಕ್ಷೆ ದಸರಾ ಮುಗಿಸಿ ಬಂದ ಮೇಲೆ 9 ದಿನ ತಡವಾಗಿ ಆಯಿತು, ಅದೂ ನೆಗೆಟಿವ್. 'ಗುಣಮುಖ' ಎಂದು ದಾಖಲಾಯಿತು.

ಪೌಷ್ಟಿಕತೆಯ ದುಡ್ಡಿನ ವಿಷಯ ಬೇರೆಯೇ ಗೋಳು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್ 1ರಿಂದ 1,000 ಆಗಿದೆ. 3,000 ರೂಪಾಯಿ ಶುರುವಿನಲ್ಲಿ, ಇನ್ನು 3,000 ಚಿಕಿತ್ಸೆಯ 84 ದಿನ ಮುಗಿದ ಮೇಲೆ. ಮೂರು ವಾರ ವ್ಯಾಪಾರ ಬಿಟ್ಟು ಕೂತ ಮನೆಗೆ ಮೊದಲ ಕಂತು ಆ ಮೂರು ವಾರದಲ್ಲೇ ಬೇಕಿತ್ತು. ಬಂದದ್ದು ಐದನೇ ತಿಂಗಳಲ್ಲಿ, ಎರಡೂ ಕಂತು ಒಟ್ಟಿಗೆ. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಅದರ ಇನ್ನೊಂದು ಕಾಗುಣಿತ, ಆಸ್ಪತ್ರೆ ಚೀಟಿಯಲ್ಲಿ ಕಾಲೋನಿಯಲ್ಲಿ ಕರೆಯುವ ಹೆಸರು. ಈ ಸಮುದಾಯದಲ್ಲಿ ಹೈಕೋರ್ಟ್, ಕಾಫಿ ಎಂಬಂಥ ಹೆಸರುಗಳಿರುವುದು ಪತ್ರಿಕೆಗಳಿಗೆ ಆಗಾಗ ತಮಾಷೆಯ ಸುದ್ದಿ. ಕಚೇರಿಯ ಕಂಪ್ಯೂಟರು ನಗುವುದಿಲ್ಲ, ತಿರಸ್ಕರಿಸುತ್ತದೆ. ರೋಗಿಯ ಒಪ್ಪಿಗೆಯಿದ್ದರೆ ಮನೆಯವರ ಖಾತೆಗೂ ಹಾಕಬಹುದು, ಹೆಂಡತಿಯ ಖಾತೆ ಸರಿಯಾಗಿಯೇ ಇತ್ತು. ಆ ದಾರಿ ತಂಡಕ್ಕೆ ನೆನಪಾದದ್ದು ನಾಲ್ಕನೇ ತಿಂಗಳಲ್ಲಿ. ಅದುವರೆಗೆ ದಾನಿಯೊಬ್ಬರ ಆಹಾರ ಕಿಟ್ಟು ಕೈ ಹಿಡಿಯಿತು: ಬೇಳೆ, ಕಡಲೆಬೀಜ, ರಾಗಿ, ಎಣ್ಣೆ. ಇದನ್ನು ದಾನ ಎನ್ನುವುದಕ್ಕಿಂತ ಔಷಧದ ಭಾಗ ಎನ್ನುವುದು ಸರಿ. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಪಡಿತರ ಕೊಟ್ಟ ಕಡೆ ಮನೆಮಂದಿಗೆ ಹೊಸದಾಗಿ ಕ್ಷಯ ತಗಲುವುದು ಸುಮಾರು 40 ಶೇಕಡ ಕಡಿಮೆಯಾಗಿತ್ತು.

ಬುಡಕಟ್ಟು ಪ್ರದೇಶದ ಕ್ಷಯ ರೋಗಿಗಳಿಗೆ ಪ್ರಯಾಣ ವೆಚ್ಚಕ್ಕೆಂದು ಒಮ್ಮೆ 750 ರೂಪಾಯಿ ಕೊಡುವ ಅವಕಾಶ ಕಾರ್ಯಕ್ರಮದಲ್ಲಿದೆ. ಅಧಿಸೂಚಿತ ಪ್ರದೇಶವಲ್ಲ ಎಂಬ ಕಾರಣಕ್ಕೆ ತಾಯಿ ಮಗ ಇಬ್ಬರಿಗೂ ಸಿಗಲಿಲ್ಲ. ಜಾತಿ ಪ್ರಮಾಣಪತ್ರ ಇಬ್ಬರ ಹತ್ತಿರವೂ ಇತ್ತು.

ಬದಲಾದದ್ದು, ಬದಲಾಗದ್ದು

ಕಾಲೋನಿಯಲ್ಲಿ ಮನೆ ಮನೆ ಕೆಮ್ಮಿನ ಸಮೀಕ್ಷೆ ಹಿಂದೆ ಫೆಬ್ರವರಿಯಲ್ಲಿ ಆಗುತ್ತಿತ್ತು, ಇಲಾಖೆಯ ಸೌಕರ್ಯಕ್ಕೆ. ಆಗ ಅರ್ಧಕ್ಕರ್ಧ ಮನೆಗೆ ಬೀಗ. ವರದಿಯಲ್ಲಿ ಬೀಗ ಹಾಕಿದ ಮನೆಯೂ 'ಲಕ್ಷಣ ಇಲ್ಲ' ಎಂಬ ಲೆಕ್ಕಕ್ಕೇ ಸೇರುತ್ತಿತ್ತು. ಇಡೀ ಪ್ರಕರಣದಲ್ಲಿ ಅತಿ ಅಗ್ಗವಾಗಿ ಸರಿಪಡಿಸಬಹುದಾಗಿದ್ದದ್ದು ಇದು. ತಂಡ ಸಮೀಕ್ಷೆಯನ್ನು ಆಷಾಢಕ್ಕೆ ತಳ್ಳಿತು, ಸಂಜೆ ಏಳರ ನಂತರಕ್ಕೆ. ನಮೂನೆಯಲ್ಲಿ 'ಬೀಗ' ಎಂದು ಬೇರೆ ಕಾಲಂ ಎಳೆದರು. 46 ಮನೆಯಲ್ಲಿ 41 ತೆರೆದಿದ್ದವು. 9 ಜನರ ಕಫ ಹೋಯಿತು, ಒಂದು ಪಾಸಿಟಿವ್ ಬಂತು. ಉಳಿದ 5 ಮನೆ ವರದಿಯಲ್ಲಿ ಬೀಗ ಎಂದೇ ಇವೆ, ಯುಗಾದಿಗೆ ಮತ್ತೆ ನೋಡಬೇಕು.

ದಾರಿ ಪಟ್ಟಿಗೆ ಖರ್ಚಿಲ್ಲ, ಆದರೆ ಅದು ನಿಂತಿರುವುದು ಒಬ್ಬ ಮೇಲ್ವಿಚಾರಕರ ಸ್ವಂತ ಫೋನಿನ ಮೇಲೆ. ಅವರಿಗೆ ವರ್ಗವಾದರೆ ಲ್ಯಾಮಿನೇಟ್ ಚೀಟಿಯಲ್ಲಿರುವ ನಂಬರು ಬೇರೆ ಊರಿಗೆ ಹೋಗುತ್ತದೆ. ಘಟಕಕ್ಕೊಂದು ಸ್ಥಿರ ಮೊಬೈಲ್ ಸಂಖ್ಯೆ ಬೇಕೆಂದು ಕೇಳಿದ್ದಾರೆ, ಇನ್ನೂ ಬಂದಿಲ್ಲ. ಕಾಲೋನಿಯಿಂದಲೇ ಒಬ್ಬರನ್ನು ಆಶಾ ಮಾಡುವ ಪ್ರಸ್ತಾಪ ಜನಸಂಖ್ಯೆಯ ಮಾನದಂಡಕ್ಕೆ ತಗುಲಿ ನಿಂತಿದೆ. ರೋಗಿ ಮಾತ್ರೆ ನುಂಗುವುದನ್ನು ನೋಡಿಕೊಳ್ಳುವ ಬೆಂಬಲಿಗರಿಗೆ ಚಿಕಿತ್ಸೆ ಮುಗಿದಾಗ ಸಿಗುವ 1,000 ರೂಪಾಯಿ ನಿಯಮದಂತೆ ಆಶಾಗೆ ಹೋಯಿತು. ದಿನಾ ರಾತ್ರಿ ಚುಕ್ಕೆ ಇಟ್ಟವಳ ಹೆಸರು ಯಾವ ಕಾಲಮಿನಲ್ಲೂ ಇಲ್ಲ.

ತಾಯಿಯ ಚಿಕಿತ್ಸೆ ದೀಪಾವಳಿಯ ಆಚೀಚೆ ಮುಗಿಯಿತು. ಚಿಕಿತ್ಸೆ ಮುಗಿದವರನ್ನು ಎರಡು ವರ್ಷ, ಆರು ತಿಂಗಳಿಗೊಮ್ಮೆ ನೋಡಬೇಕು. ಮಗನ ನಾಲ್ಕು ಭೇಟಿಗಳನ್ನು ಹೆಂಡತಿ ತನ್ನ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾಳೆ. ತಾರೀಖು ಹಾಕಿಲ್ಲ: ಯುಗಾದಿ, ದಸರಾ ಮುಗಿಸಿ ಬಂದ ಮೇಲೆ, ಮತ್ತೆ ಯುಗಾದಿ, ಮತ್ತೆ ದಸರಾ.